ಹೊರಟ ಊರಿನ ಗುರುತು

ಅವರ ತಲೆ ಯಾವಾಗಲೂ ಎಡಕ್ಕೆ ವಾಲಿರುತ್ತಿತ್ತು. ವರ್ಷಗಟ್ಟಲೆ ಫೋನಿನ ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಕೀಬೋರ್ಡ್ ಕುಟ್ಟಿದ್ದರ ಫಲ. ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಬರಿಗೈಯಲ್ಲಿ ನಿಂತಾಗಲೂ ಹಾಗೆಯೇ. ಕಾಣದವರು ಯಾರೋ ಏನೋ ಹೇಳುತ್ತಿದ್ದಾರೆ, ಇವರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು.

ಎಸ್ಟೇಟುಗಳಿಗೆ ಕಂಪ್ಯೂಟರ್ ಲೈನ್ ಕೊಡುವ ಕಂಪನಿಯೊಂದರ ಎಂಜಿನಿಯರ್ ಅವರು. ನಾನು ಬಾಳ್ಳುಪೇಟೆಯಲ್ಲಿ ಒಂದು ಕಾಫಿ ಎಸ್ಟೇಟಿನ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಎಸ್ಟೇಟ್ ಇದ್ದದ್ದು ವನಗೂರಿನ ಗುಡ್ಡದಲ್ಲಿ. ಮೊಬೈಲ್ ಇನ್ನೂ ಆ ಗುಡ್ಡ ಹತ್ತಿರಲಿಲ್ಲ.

ಅವರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸಕಲೇಶಪುರದಲ್ಲಿ ಒಂದು ಬಾಡಿಗೆ ಕೋಣೆ, ಹೋಟೆಲಿನ ಊಟ. ದಿನಾ ಸಂಜೆ ನಾನು ಬೀಗ ಹಾಕುವ ಹೊತ್ತಿಗೆ ಸರಿಯಾಗಿ ಫೋನ್ ಮಾಡುತ್ತಿದ್ದರು.

“ಲೈನ್ ಸರಿ ಐತೇನಮ್ಮ?”

ಸರಿ ಇದೆಯೋ ಇಲ್ಲವೋ ಅವರ ಕಂಪ್ಯೂಟರಿನಲ್ಲೇ ಕಾಣುತ್ತಿತ್ತು. ಅದು ನನಗೂ ಗೊತ್ತಿತ್ತು. ಆದರೂ “ಸರಿ ಇದೆ ಸಾರ್” ಎಂದು ಹೇಳಿ, ಇವತ್ತು ಏನು ಊಟ ಎಂದು ಕೇಳುತ್ತಿದ್ದೆ. ಹೋಟೆಲಿನವನ ಸಾಂಬಾರನ್ನು ಬೈಯುವಾಗ ಮಾತ್ರ ಅವರ ದನಿಗೆ ಕಳೆ ಬರುತ್ತಿತ್ತು. ಬೈದು ಮುಗಿಸಲಿ ಎಂದು ನಾನು ಬೀಗದಕೈ ಹಿಡಿದು ಕಾಯುತ್ತಿದ್ದೆ. ಪಾಪ, ಮಾತಿಗೆ ಬೇರೆ ಯಾರಿದ್ದರು.

ಒಮ್ಮೆ ನಮ್ಮ ಸಾಹುಕಾರರು ವನಗೂರಿಗೂ ಬಾಳ್ಳುಪೇಟೆಗೂ ನೇರವಾಗಿ ವೈರ್‌ಲೆಸ್ ಹಾಕಿಸಿದರು. ಕಂಪನಿಯ ದಾರಿ ಒಂದು, ನಮ್ಮದೇ ದಾರಿ ಇನ್ನೊಂದು. ತಾಪತ್ರಯ ಶುರುವಾದದ್ದೇ ಅಲ್ಲಿಂದ. ವನಗೂರಿನ ಸ್ಟೋರಿನ ಕಂಪ್ಯೂಟರುಗಳು ಆಫ್ ಆದರೆ ಸಾಕು, ಅಲ್ಲಿಗೆ ಕಳಿಸಿದ್ದೆಲ್ಲ ಎರಡೂ ಊರಿನ ನಡುವೆ ಸುತ್ತು ಹೊಡೆದು ಲೈನನ್ನೇ ಕಟ್ಟಿಹಾಕುತ್ತಿತ್ತು. ಎರಡೂ ಊರಿನ ಯಂತ್ರಗಳು ಮಾತಾಡಿಕೊಂಡಂತೆ ಅವರು ಫೋನಿನಲ್ಲೇ ಬಿಡಿಸಿ ಹೇಳಿದರು.

“ಸ್ಟೋರ್ ನನ್ನತ್ರ ಐತೆ ಅಂತ ವನಗೂರು ನಮ್ಮ ಕಂಪನಿಗೆ ಹೇಳ್ತು. ನಾವು ಅದನ್ನೇ ಬಾಳ್ಳುಪೇಟೆಗೆ ಹೇಳಿದ್ವಿ. ಈಗ ಸ್ಟೋರ್ ಆಫಾಯ್ತು, ವನಗೂರು ಬೇರೆ ದಾರಿ ಹುಡುಕ್ತೈತೆ. ಬಾಳ್ಳುಪೇಟೆ ‘ದಾರಿ ನಂಗೊತ್ತು’ ಅಂತೈತೆ. ವನಗೂರು ಹೇಳಿದ್ದು ವನಗೂರಿಗೇ ಸುದ್ದಿಯಾಗಿ ವಾಪಸ್ ಬಂತು, ಅದು ನಂಬ್ಬುಡ್ತು ಮಾರಾಯ್ತಿ!”

ವನಗೂರಿನಿಂದ ಹೊರಟ ಪ್ರತಿ ಸುದ್ದಿಗೂ ವನಗೂರಿನ ಗುರುತು ಅಂಟಿಸಿದರು. ಎಷ್ಟೇ ಸುತ್ತಿ ಬಂದರೂ ಆ ಗುರುತು ಇರುವುದನ್ನು ವನಗೂರಿನ ಎರಡೂ ದಾರಿಯ ಬಾಗಿಲಲ್ಲಿ ತಡೆಯುವಂತೆ ಮಾಡಿದರು. ಲೈನು ಸರಿಹೋಯಿತು.

“ಯಾರು ಹೇಳಿದ್ರು ಅನ್ನೋದು ಬೇಡ ಕಣಮ್ಮ. ಎಲ್ಲಿಂದ ಹೊರಡ್ತು ಅನ್ನೋದು ನೋಡು” ಎನ್ನುತ್ತಿದ್ದರು. ಊರ ಸುದ್ದಿಗೂ ಅವರದು ಇದೇ ಪ್ರಶ್ನೆ. ಯಾರದೋ ಮದುವೆ ಮುರಿದದ್ದನ್ನು ನಾನು ಉತ್ಸಾಹದಿಂದ ಹೇಳಹೊರಟರೆ, ಕಂಡವರು ಯಾರು ಎಂದು ಕೇಳಿ ನನ್ನ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದರು.

ನನ್ನ ತಮ್ಮ ಅದೇ ಎಸ್ಟೇಟಿನ ಜೀಪ್ ಓಡಿಸುತ್ತಿದ್ದ. ಒಂದು ದಿನ ಏಲಕ್ಕಿ ಮೂಟೆ ಹಾಕಿಕೊಂಡು ವನಗೂರಿನಿಂದ ಹೊರಟವನು ಮಧ್ಯಾಹ್ನ ದಾಟಿದರೂ ಆಫೀಸಿಗೆ ಮುಖ ತೋರಿಸಲಿಲ್ಲ. ವನಗೂರಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿದೆ. “ಆಗ್ಲೇ ಬಂದು ವಾಪಸ್ ಹೊರಟ್ನಂತಲ್ಲ. ನಿಮ್ಮ ಗೋಡೌನಿನೋನೇ ಹೇಳ್ದ ಕಣ್ರೀ” ಅಂದರು. ನಿಶ್ಚಿಂತೆಯಿಂದ ಕೆಲಸಕ್ಕೆ ಕೂತೆ.

ಸಂಜೆ ಎಂದಿನಂತೆ ಎಂಜಿನಿಯರರ ಫೋನ್ ಬಂತು. ಅಕ್ಕನಿಗೆ ಒಂದು ಮಾತೂ ಹೇಳದೆ ಹೋದನಲ್ಲ ಎಂದು ತಮ್ಮನನ್ನು ದೂರಿದೆ.

“ಬಂದಿದ್ದನ್ನ ಕಣ್ಣಲ್ಲಿ ಕಂಡೋರು ಯಾರು?”

“ಗೋಡೌನಿನವನು ಸಾರ್.”

“ಹೋಗಿ ಕೇಳ್ಕಂಡು ಬಾ. ನಾನು ಫೋನ್ ಇಡಲ್ಲ.”

ಗೋಡೌನ್ ಪಕ್ಕದಲ್ಲೇ ಇತ್ತು. ಕೇಳಿದರೆ ಅವನು ತಲೆ ಕೆರೆದುಕೊಂಡ. “ನಾನೆಲ್ಲಿ ಕಂಡೆ? ಅಷ್ಟೊತ್ತಿಗೇ ಬಂದಿರ್ಬೇಕು ಅಂತ ರೈಟರ್ರೇ ಅಂದ್ರು. ಆಮೇಲೆ ಅವರೇ ಫೋನ್ ಮಾಡಿ ಕೇಳ್ದಾಗ, ಬಂದೋಗಿರ್ತಾನೆ ಅಂದ್ಬುಟ್ಟೆ.”

ಓಡಿ ಬಂದು ರಿಸೀವರ್ ಹಿಡಿದು ಅವನಂದದ್ದನ್ನು ಹೇಳಿದೆ.

“ಇಬ್ರೂ ಒಬ್ರನ್ನೊಬ್ರು ತೋರಿಸ್ತಾವ್ರೆ. ಹುಡುಗ ಇಬ್ರತ್ರನೂ ಇಲ್ಲ, ದಾರೀಲವ್ನೆ. ಎರಡೂ ಕಡೆಯಿಂದ ಜನ ಹೊರಡ್ಸು, ಹೊತ್ತು ಮುಳುಗೋ ಮೊದ್ಲು” ಅಂದರು.

ತಮ್ಮ ಸಿಕ್ಕಿದ. ತಿರುವಿನ ಕೆಳಗೆ ಮಗುಚಿದ ಜೀಪಿನಡಿ ಕಾಲು ಸಿಕ್ಕಿಕೊಂಡಿತ್ತು, ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ಇವತ್ತಿಗೂ ಕುಂಟುತ್ತಾನೆ, ಆದರೆ ಇದ್ದಾನೆ. ನಾನು ಅಳುತ್ತಾ ಫೋನಿನಲ್ಲಿ ಏನೇನೋ ಹೇಳಿದೆ. ಅವರು ಮುಜುಗರಪಟ್ಟುಕೊಂಡರು. “ನಂದೇನೈತೆ, ಕೇಳ್ದೆ ಅಷ್ಟೆ. ಲೈನ್ ಸರಿ ಐತಾ?”

ಮದುವೆಯಾಗಿ ನಾನು ಅರಸೀಕೆರೆಗೆ ಬಂದೆ. ಸಂಜೆಯ ಫೋನ್ ನಿಂತಿತು. ಬೀಗ ಹಾಕುವ ಹೊತ್ತಿಗೆ ಆಮೇಲೆ ಅವರು ಯಾರಿಗೆ ಮಾಡುತ್ತಿದ್ದರೋ ತಿಳಿಯದು. ಕಂಪನಿ ಅವರಿಗೆ ಆಲೂರಿನ ಆಫೀಸನ್ನೂ ವಹಿಸಿತ್ತಂತೆ. ಕೆಲವು ದಿನ ಅಲ್ಲಿ, ಕೆಲವು ದಿನ ಸಕಲೇಶಪುರದಲ್ಲಿ.

ಒಮ್ಮೆ ಎರಡೂ ಕಡೆ ಕಾಣಲಿಲ್ಲ. ಆಲೂರಿನಲ್ಲಿದ್ದಾರೆ ಎಂದು ಸಕಲೇಶಪುರದವರು ಸುಮ್ಮನಿದ್ದರು. ಸಕಲೇಶಪುರದಲ್ಲಿದ್ದಾರೆ ಎಂದು ಆಲೂರಿನವರು ಸುಮ್ಮನಿದ್ದರು. ಅಲ್ಲಿಂದ ಒಬ್ಬರು ಕೋಣೆಗೆ ಫೋನ್ ಮಾಡಿದರಂತೆ. ಎಂಗೇಜ್ ಬಂತು. ಯಾರ ಜೊತೆಗೋ ಮಾತಾಡುತ್ತಿದ್ದಾರೆ ಎಂದುಕೊಂಡು ಇಟ್ಟರು. ಕೊನೆಗೆ ಮನೆಯ ಮಾಲೀಕ ಬಾಗಿಲು ಒಡೆಸಿದಾಗ ಅವರು ಮಂಚದ ಪಕ್ಕ ಉಸಿರಿಲ್ಲದೆ ಬಿದ್ದಿದ್ದರು, ರಿಸೀವರ್ ಮೇಜಿನಿಂದ ಜೋತು ಬಿದ್ದಿತ್ತು. ಬಿದ್ದ ದಿನವೇ ಯಾರಾದರೂ ನೋಡಿದ್ದರೆ ಉಳಿಯುತ್ತಿದ್ದರು ಎಂದರಂತೆ ಡಾಕ್ಟರು.

ಇದನ್ನೆಲ್ಲ ಹೇಳಿದವನು ನನ್ನ ತಮ್ಮ. ಅರಸೀಕೆರೆಯವರೆಗೆ ಬಸ್ಸಿನಲ್ಲಿ ಬಂದು, ಕುಂಟು ಕಾಲು ಚಾಚಿ ಜಗಲಿಯ ಮೇಲೆ ಕೂತಿದ್ದ.

“ಅಕ್ಕ, ಅವ್ರನ್ನ ಕಂಡೋರು ಯಾರು ಅಂತ ಒಬ್ರೂ ಕೇಳ್ಲಿಲ್ವಲ್ಲ” ಅಂದ.

ಹಾಗೆ ಕೇಳುತ್ತಿದ್ದವರು ಅವರೊಬ್ಬರೇ.