ಹೆಸರಿಡದೆ ಉಂಡ ಊಟ

ಅವಳಿಗೆ ಸೌಟಕ್ಕ ಎಂದು ಹೆಸರಿಟ್ಟವನು ವೆಲ್ಡರ್ ಹುಡುಗ. ಮಾತಾಡುವಾಗಲೂ ಅವಳ ಕೈಯಲ್ಲಿ ಸೌಟು ಇರುತ್ತಿತ್ತು, ಬೈಯುವಾಗ ಅದು ಎದುರಿಗಿದ್ದವರ ಕೆನ್ನೆಯ ತನಕ ಬರುತ್ತಿತ್ತು. ಇನ್ನೂ ಮೂವತ್ತು ತುಂಬದ ಹುಡುಗಿಯನ್ನು ವಯಸ್ಸಿನಲ್ಲಿ ದೊಡ್ಡವರೂ ಅಕ್ಕ ಎನ್ನುತ್ತಿದ್ದರು. ನಾನು ಎದುರು ಅಂಗಡಿಯ ದರ್ಜಿ. ಅವರಿಗೆ ಏಪ್ರನ್ ಹೊಲಿದುಕೊಟ್ಟವಳೇ ಹೊರತು ಅಲ್ಲಿ ಕೂತು ಉಂಡವಳಲ್ಲ. ಆದರೆ ನನ್ನ ಮೆಷಿನ್ ಮುಂದೆ ಕೂತರೆ ಅವರ ಬಾಗಿಲು ನೇರ ಕಾಣುತ್ತದೆ. ಕಂಡದ್ದನ್ನು ಕಾಣಲಿಲ್ಲ ಎನ್ನುವ ದೊಡ್ಡ ಗುಣ ನನಗಿಲ್ಲ.

ಅದು ಮುಚ್ಚಿಹೋದ ಪ್ರಿಂಟಿಂಗ್ ಪ್ರೆಸ್ಸಿನ ಶೆಡ್ಡು. ಕಾರ್ಖಾನೆಗಳು ಒಂದೊಂದಾಗಿ ಜನರನ್ನು ಮನೆಗೆ ಕಳಿಸಿದ ವರ್ಷ ಸೌಟಕ್ಕ, ವೆಲ್ಡರ್ ಹುಡುಗ, ನರ್ಸಿಂಗ್ ಓದುತ್ತಿದ್ದ ಒಬ್ಬ ಹುಡುಗಿ, ಇನ್ನೊಂದಷ್ಟು ಜನ ಸೇರಿ ಅದನ್ನು ಗುಡಿಸಿ ಒಲೆ ಹೂಡಿದರು. ಮಾರ್ಕೆಟ್ಟಿನಲ್ಲಿ ಸಂಜೆ ಮಾರಾಟವಾಗದೆ ಉಳಿದದ್ದನ್ನು ಕೇಳಿ ತರುವುದು, ಮಾರನೇ ದಿನ ಬೇಯಿಸುವುದು, ಕಾಗದ ಕತ್ತರಿಸುತ್ತಿದ್ದ ಉದ್ದ ಮೇಜಿನ ಸುತ್ತ ಕೂತು ಎಲ್ಲರೂ ಉಣ್ಣುವುದು. ಹಸಿದವರು ಯಾರು ಬಂದರೂ ಜಾಗ ಇತ್ತು. ಮೊದಮೊದಲು ನಾನೂ ಮೂಗು ಮುರಿದವಳೇ. ಕೆಲಸವಿಲ್ಲದ ಹುಡುಗರು ನಾಲ್ಕು ದಿನ ಕುಣಿದು ಕೈತೊಳೆದುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ.

ಅಲ್ಲಿ ಇದ್ದದ್ದು ಒಂದೇ ಕಟ್ಟಳೆ, ಅದು ಸೌಟಕ್ಕನದು. ಅಡುಗೆ ಮಾಡಿದವರ ಎದುರು ಊಟಕ್ಕೆ ಹೆಸರಿಡಬಾರದು. ಉಪ್ಪು ಜಾಸ್ತಿ, ಖಾರ ಕಡಿಮೆ, ಅನ್ನ ಮುದ್ದೆಯಾಗಿದೆ ಎಂದು ಯಾರೂ ತುಟಿ ಬಿಚ್ಚುವಂತಿಲ್ಲ. ಹೊಸಬರು ಬಂದರೆ ವೆಲ್ಡರ್ ಹುಡುಗ ಬಾಗಿಲಲ್ಲೇ ಹೇಳಿ ಒಳಗೆ ಬಿಡುತ್ತಿದ್ದ. ಆ ಹುಡುಗ ಹುಡುಗಿಯರಲ್ಲಿ ಬಹಳ ಜನ ಮನೆಯಲ್ಲಿ ಅನ್ನದ ಜೊತೆ ಬೈಗುಳ ತಿಂದು ಬೆಳೆದವರು. ಆ ಮಾತು ಅವರಿಗೆ ಎಷ್ಟು ಹಿಡಿಸಿತೆಂದರೆ, ಸೀದುಹೋದ ಬೇಳೆಯನ್ನೂ ಬಟ್ಟಲೊರೆಸಿ ತಿಂದು "ಭಾಳ ಚೆನ್ನಾಗಿದೆ" ಎಂದು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು.

ಆ ಕಟ್ಟಳೆ ಹುಟ್ಟಿದ್ದು ಅವಳ ಅಪ್ಪನಿಂದ. ಅಮ್ಮ ಸತ್ತಾಗ ಸೌಟಕ್ಕನಿಗೆ ಒಲೆ ಎಟುಕುತ್ತಿರಲಿಲ್ಲ, ಸ್ಟೂಲಿನ ಮೇಲೆ ನಿಂತು ಅನ್ನಕ್ಕಿಡುತ್ತಿದ್ದಳು. ಅಪ್ಪ ಲಾರಿ ಡ್ರೈವರ್. ಕುಡಿತವಿರಲಿಲ್ಲ, ಕೈ ಮಾಡುತ್ತಿರಲಿಲ್ಲ. ವಾರಗಟ್ಟಲೆ ಊರೂರು ಸುತ್ತಿ ಬಂದು, ಒಂದು ತುತ್ತು ಬಾಯಿಗಿಟ್ಟು, "ಇದನ್ನ ಮನುಷ್ಯರು ತಿಂತಾರಾ?" ಎಂದು ತಟ್ಟೆ ಸರಿಸಿ ಎದ್ದುಹೋಗುತ್ತಿದ್ದ. ಅಷ್ಟೇ. ಹೊಡೆದಿದ್ದರೆ ಬೇಗ ಮರೆಯುತ್ತಿದ್ದಳೋ ಏನೋ. ಅವನಿಗೆ ಒಂದು ದಿನವಾದರೂ ತಟ್ಟೆ ಖಾಲಿ ಮಾಡಿಸಬೇಕೆಂದು ಅವಳು ಕಲಿತದ್ದು ಅಡುಗೆ. ಹಾಗೆ ಕಲಿತ ಅಡುಗೆಯನ್ನು ಬೀದಿಯವರೆಲ್ಲ ಬೆರಳು ಚೀಪಿಕೊಂಡು ತಿಂದರು, ಆ ಮನುಷ್ಯನೊಬ್ಬನನ್ನು ಬಿಟ್ಟು.

ಅವಳ ಮೂಗಂತೂ ಮೂಗು. ಬಾಗಿಲಲ್ಲೇ ನಿಂತು ಯಾವ ಟೊಮ್ಯಾಟೊ ಬುಟ್ಟಿಯ ತಳ ಕೊಳೆತಿದೆ ಎಂದು ಹೇಳುತ್ತಿದ್ದಳು. ಮಾರ್ಕೆಟ್ಟಿನಿಂದ ಬಂದ ಮೀನು, ಮಾಂಸ ಎಲ್ಲ ಅವಳ ಮೂಗಿನಡಿ ಹಾದೇ ಒಲೆಗೆ ಹೋಗಬೇಕು. ಯಾರದ್ದೇ ಸರದಿ ಇರಲಿ, ಅವಳು ಮೂಸಿ "ಹಾಕು" ಅಂದರೆ ಹಾಕುವುದು, "ಬಿಸಾಕು" ಅಂದರೆ ಬಿಸಾಕುವುದು.

ಆಮೇಲೆ ಬೀದಿಯಲ್ಲೆಲ್ಲ ಆ ಕೆಟ್ಟ ಜ್ವರ ಬಂತು. ಎಲ್ಲರೂ ಮಲಗಿ ಎದ್ದರು, ಸೌಟಕ್ಕನೂ ಎದ್ದಳು. ಆದರೆ ಅವಳ ಮೂಗು ಏಳಲಿಲ್ಲ. ಬೆಳ್ಳುಳ್ಳಿ ಜಜ್ಜಿ ಹಿಡಿದರೂ ವಾಸನೆಯಿಲ್ಲ, ನಾಲಿಗೆಗೆ ಉಪ್ಪೂ ಒಂದೇ ಮಣ್ಣೂ ಒಂದೇ. ಡಾಕ್ಟರು "ಬಂದರೆ ಬರಬಹುದು" ಎಂದು ಕೈಚೆಲ್ಲಿಬಿಟ್ಟರು. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಎಲ್ಲ ಮುಗಿದಮೇಲೆ. ಆಗ ಯಾರಿಗೂ ಹೇಳಲಿಲ್ಲ. ಹೇಳಿದರೆ ಒಲೆ ಬಿಡಬೇಕಲ್ಲ. ಬಾಡಿಗೆ ಕೋಣೆಯಲ್ಲಿ ಯಾರಿಗೂ ಏನೂ ಅಲ್ಲದವಳು ಆ ಶೆಡ್ಡಿನಲ್ಲಿ ಎಲ್ಲರಿಗೂ ಬೇಕಾದವಳು. ಅದನ್ನು ಬಿಟ್ಟುಕೊಡಲು ಅವಳಿಗೆ ಪ್ರಾಣ ಹೋದಷ್ಟು ಭಯ. ಕೈ ಅಂದಾಜಿನ ಮೇಲೆ ಅಡುಗೆ ಮಾಡಿದಳು, ಬಣ್ಣ ನೋಡಿ ಮೀನು ಆರಿಸಿದಳು, ಮೊದಲಿನ ಹಾಗೆಯೇ ಬಗ್ಗಿ ಮೂಸುವ ನಾಟಕವನ್ನೂ ಆಡಿದಳು.

ಹೀಗೆ ನಡೆಯುತ್ತಿರುವಾಗ ಅವಳ ಅಪ್ಪ ಬಂದ. ಕಣ್ಣು ಮಂಜಾಗಿ ಲಾರಿ ಓಡಿಸುವುದನ್ನು ನಿಲ್ಲಿಸಿದ್ದ, ಎದೆನೋವೂ ಹತ್ತಿಕೊಂಡಿತ್ತು. ಅವಳೇ ಕರೆತಂದು ಮೇಜಿನ ತುದಿಯಲ್ಲಿ ಕೂರಿಸಿದಳು.

"ಅಪ್ಪ, ಇಲ್ಲಿ ತಟ್ಟೆ ಸರಿಸೋ ಹಾಗಿಲ್ಲ," ಅಂದಳು.

"ಗೊತ್ತು. ಆ ಹುಡುಗ ಬಾಗಿಲಲ್ಲೇ ಪಾಠ ಮಾಡ್ದ," ಅಂದ ಅವನು.

ಆ ದಿನ ಅವನು ಒಂದಗುಳೂ ಬಿಡದೆ ಉಂಡ. ಸೌಟಕ್ಕ ಕೈಯನ್ನೂ ಒರೆಸಿಕೊಳ್ಳದೆ ರಸ್ತೆ ದಾಟಿ ನನ್ನ ಅಂಗಡಿಗೆ ಓಡಿಬಂದಳು. "ಅಕ್ಕ, ನಮ್ಮಪ್ಪ ಪೂರ್ತಿ ಊಟ ಮಾಡ್ದ," ಅಂದಳು. ಹೊಟ್ಟೆಗೆ ಹಾಕಬೇಕಾದ ಅನ್ನವನ್ನು ಮಗಳ ಮನಸ್ಸಿನ ಮೇಲೆ ಚೆಲ್ಲಿದ ಆ ಮುದುಕನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೂ ಆಮೇಲೆ ಅವನು ದಿನಾ ಬಂದ, ದಿನಾ ತಟ್ಟೆ ಖಾಲಿ ಮಾಡಿದ ಎನ್ನುವುದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಕೆಟ್ಟ ದಿನ ಬಂದದ್ದು ಬೇಸಗೆಯಲ್ಲಿ. ಮೀನಂಗಡಿಯವನು ಹಿಂದಿನ ಸಂಜೆ ಒಂದು ಡಬ್ಬಿ ತುಂಬ ಮೀನು ಕೊಟ್ಟಿದ್ದ. ಫ್ರಿಜ್ಜಿನಲ್ಲಿಟ್ಟಿದ್ದರು, ಬೆಳಗ್ಗೆ ನೋಡಿದರೆ ಬೀದಿಗೇ ಕರೆಂಟು ಇರಲಿಲ್ಲ. ಯಾವಾಗ ಹೋಯಿತೋ ಯಾರಿಗೂ ಗೊತ್ತಿಲ್ಲ. ನರ್ಸಿಂಗ್ ಹುಡುಗಿ ಡಬ್ಬಿಯನ್ನು ಸೌಟಕ್ಕನ ಮುಂದೆ ಹಿಡಿದಳು. ಸೌಟಕ್ಕ ಬಗ್ಗಿ ಮೂಸಿದಳು, ಮೀನಿನ ಕಣ್ಣು ನೋಡಿದಳು, ಬೆರಳಲ್ಲಿ ಒತ್ತಿದಳು. ಅಷ್ಟೊಂದು ಮೀನು ಎಸೆದರೆ ಆ ದಿನ ಬಂದವರಿಗೆ ಬರೀ ಅನ್ನ. "ಹಾಕು," ಅಂದಳು. ಹುಡುಗಿ ಒಂದು ಗಳಿಗೆ ಹಾಗೇ ನಿಂತಿದ್ದಳಂತೆ. ಆಮೇಲೆ ಹಾಕಿದಳು.

ಮಧ್ಯಾಹ್ನ ದಾಟುವಷ್ಟರಲ್ಲಿ ಮೂರು ನಾಲ್ಕು ಜನ ಚರಂಡಿಯ ಹತ್ತಿರ ಕೂತು ವಾಂತಿ ಮಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರೆಲ್ಲ ಸುಧಾರಿಸಿಕೊಂಡರು. ಅಪ್ಪ ಮಾತ್ರ ಸುಧಾರಿಸಲಿಲ್ಲ. ನಾನು ಅಂಗಡಿಗೆ ಬೀಗ ಜಡಿದು ಅವಳ ಜೊತೆ ಆಟೋ ಹತ್ತಿದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಹೊಟ್ಟೆಯದಕ್ಕಿಂತ ಹೃದಯದ್ದೇ ಯೋಚನೆ, ಅದಕ್ಕೆ ಇಷ್ಟು ತಡೆಯುವ ಶಕ್ತಿ ಇಲ್ಲ ಎಂದರು ಡಾಕ್ಟರು. ಸೌಟಕ್ಕ ಮಂಚದ ಕಂಬಿ ಹಿಡಿದು ನಿಂತಿದ್ದಳು.

"ಅಪ್ಪ, ಮೀನು ಕೆಟ್ಟಿತ್ತಾ?"

"ಚೆನ್ನಾಗಿತ್ತು."

"ನಿಜ ಹೇಳಪ್ಪ. ಡಾಕ್ಟರಿಗೆ ಹೇಳ್ಬೇಕು."

"ಚೆನ್ನಾಗಿತ್ತು ಅಂದ್ನಲ್ಲ ಪುಟ್ಟಿ. ನಿಮ್ಮಮ್ಮ ಮಾಡಿದ ಹಾಗೇ ಇತ್ತು."

"ಬೈಯಪ್ಪ," ಅಂದಳು ಅವಳು. "ಮೊದಲು ಬೈತಿದ್ಯಲ್ಲ, ಹಾಗೇ ಬೈಯಿ."

ಅವನು ಇಲ್ಲವೆಂದು ತಲೆಯಾಡಿಸಿ ಕಣ್ಣು ಮುಚ್ಚಿದ. ಹೊತ್ತು ಮುಳುಗುವ ಮೊದಲು ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮಾರನೇ ದಿನ ಸೌಟಕ್ಕ ಎಲ್ಲರನ್ನೂ ಶೆಡ್ಡಿಗೆ ಕರೆದಳು. ಒಬ್ಬಳೇ ಹೋಗಲು ಧೈರ್ಯವಾಗದೆ ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋದಳು. ಒಲೆ ಹಚ್ಚಿರಲಿಲ್ಲ. ಆ ಉದ್ದ ಮೇಜಿನ ಸುತ್ತ ಹುಡುಗರೆಲ್ಲ ಖಾಲಿ ಕೈಯಲ್ಲಿ ಕೂತಿದ್ದರು. ವೆಲ್ಡರ್ ಹುಡುಗನ ತೊಡೆಯ ಮೇಲೆ ಅವನ ಅಕ್ಕನ ಮಗಳು, ಆವತ್ತು ಸೌಟಕ್ಕನ ಅಪ್ಪನ ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಮಗು.

"ಎಲ್ಲರೂ ತಿಂದಿದ್ದು ಅದೇ ಮೀನು," ಅಂದಳು ಸೌಟಕ್ಕ. "ಈ ಮಗೂಗೂ ಏನೂ ಆಗಿಲ್ಲ. ಅಪ್ಪನಿಗೆ ಮಾತ್ರ ಯಾಕೆ ಅಷ್ಟಾಯ್ತು?"

"ನಾನು ತಿನ್ಲೇ ಇಲ್ಲ," ಅಂದಿತು ಮಗು. "ಅಜ್ಜ ಒಂದು ತುತ್ತು ತಿಂದು, ಮುಳ್ಳಿದೆ ನಿಂಗೆ ಬೇಡ ಅಂತ ನನ್ನದೂ ಹಾಕ್ಕೊಂಡ್ರು. ನಂಗೆ ಬರೀ ಅನ್ನ ಕೊಟ್ರು."

ಆ ಮಾತು ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ನನಗೆ ಆಗಲೇ ಅರ್ಥವಾಗಿತ್ತು, ಮೀನು ಕೆಟ್ಟಿದೆಯೆಂದು ಮುದುಕನಿಗೆ ಮೊದಲ ತುತ್ತಿಗೇ ಗೊತ್ತಾಗಿತ್ತು. ಅವಳು ಮೇಜಿನ ಮೇಲೆ ಎರಡೂ ಕೈ ಊರಿ, "ನಿಮಗೆಲ್ಲ?" ಅಂದಳು.

ನರ್ಸಿಂಗ್ ಹುಡುಗಿ ಅಳತೊಡಗಿದಳು. ಒಂದು ಚೂರು ತಿಂದು ಉಳಿದದ್ದನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿದೆ ಅಂದಳು. ಇನ್ನೊಬ್ಬನೂ ಹಾಗೇ. ಮತ್ತೊಬ್ಬ ಅನ್ನದಡಿ ಮುಚ್ಚಿಟ್ಟು, ತಟ್ಟೆ ತೊಳೆಯುವಾಗ ಯಾರಿಗೂ ಕಾಣದ ಹಾಗೆ ಬಿಸಾಡಿದ್ದ. ಕೆಲವು ತಿಂಗಳಿಂದ ಎಲ್ಲರೂ ಹೀಗೆಯೇ ನಡೆಸಿಕೊಂಡು ಬಂದಿದ್ದರು. ಒಂದು ದಿನ ಎರಡು ಸಲ ಉಪ್ಪು, ಒಂದು ದಿನ ಹುಳಿತ ಮೊಸರು. ಬಾಯಿ ಬಿಡದೆ ಜೇಬಿಗಿಳಿಸುವುದನ್ನು ಎಲ್ಲರೂ ಕಲಿತಿದ್ದರು. ಹೊಸಬನಾದ ಮುದುಕನಿಗೆ ಮಾತ್ರ ಆ ಉಪಾಯ ಯಾರೂ ಹೇಳಿಕೊಟ್ಟಿರಲಿಲ್ಲ.

"ನಂಗೆ ವಾಸನೆ ಬರಲ್ಲ," ಅಂದಳು ಸೌಟಕ್ಕ. "ಜ್ವರ ಬಂದಾಗಿಂದ ಬರಲ್ಲ. ನಿಮ್ಮ ಹತ್ರ ಮುಚ್ಚಿಟ್ಟಿದ್ದೆ."

ಯಾರೂ ಬೆಚ್ಚಿಬೀಳಲಿಲ್ಲ.

"ಗೊತ್ತಿತ್ತು ಅಕ್ಕ," ಅಂದ ವೆಲ್ಡರ್ ಹುಡುಗ, ಮಗುವಿನ ತಲೆಗೂದಲನ್ನು ನೋಡುತ್ತ. "ನಮಗೆಲ್ಲ ಗೊತ್ತಿತ್ತು."

"ಮತ್ತೆ ಹೇಳ್ಬಾರದಿತ್ತೇನೋ?"

ಅವನು ಮೆಲ್ಲಗೆ, "ಹೆಸರಿಡಬಾರದು ಅಂತ ನೀನೇ ಹೇಳಿದ್ದಲ್ವಾ," ಅಂದ.

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನೇ ಅವನ ಕೆನ್ನೆಗೆ ಬಾರಿಸುತ್ತಿದ್ದೆ. ಸೌಟಕ್ಕ ಬೆಂಚಿನ ಮೇಲೆ ಕೂತಳು.

"ಹೌದು, ನಾನೇ ಹೇಳಿದ್ದು," ಅಂದಳು. "ಅಪ್ಪ ಜನ್ಮದಲ್ಲಿ ನನ್ನ ಮಾತು ಕೇಳಿದ್ದು ಅದೊಂದೇ."