ಅದು ಆರ್ಡರ್ ಅಲ್ಲ ಎಂದಿದ್ದೆ

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಫೆಬ್ರವರಿಯೋ ಮಾರ್ಚೋ, ಡೈರಿಯಲ್ಲಿ ಆ ವಾರದ ಪುಟಗಳೇ ಖಾಲಿ. ಆದರೆ ಆ ಮಾತು ಆಡಿದ್ದು ನಾನೇ. ಅದರಲ್ಲಿ ಸಂಶಯವಿಲ್ಲ.

ಚಿಕ್ಕಮ್ಮ ಅರಳಸುರಳಿ ಹತ್ತಿರದ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ. ಎಂ.ಎ. ಮುಗಿಸಿ ಸಾಗರದಿಂದ ಅವಳ ಮನೆಗೆ ಹೋಗಿದ್ದೆ. ಕಾಡಿನಲ್ಲಿ ಮಂಗನ ಕಾಯಿಲೆಗೆ ಮಂಗಗಳು ಸತ್ತಿದ್ದವು. ಯಾರೂ ಒಳಗೆ ಹೋಗಬಾರದು, ಹೋಗಲೇಬೇಕಾದರೆ ಕಾಯಿಲೆ ಹರಡುವ ಉಣುಗು ಹತ್ತದಂತೆ ಮೈಗೆ ಎಣ್ಣೆ ಹಚ್ಚಿಕೊಳ್ಳಬೇಕು ಎಂದು ಆರೋಗ್ಯ ಇಲಾಖೆಯ ಕಾಗದ ಬಂದಿತ್ತು. ಹೆಂಗಸರು ಕೊಟ್ಟಿಗೆಗೆ ಹಾಸಲು ದರಗು, ಅಂದರೆ ಒಣ ಎಲೆ, ಗುಡಿಸಿ ತರುವ ಕಾಲವೂ ಅದೇ. ಮಳೆ ಬಿದ್ದರೆ ಆ ವರ್ಷದ ದರಗು ಹೋದಂತೆ.

ಚಿಕ್ಕಮ್ಮ ಪ್ರತಿ ಅಂಗಳದಲ್ಲೂ ನಿಂತು, "ಆರ್ಡರ್ ಬಂದಿದೆ!" ಎನ್ನುತ್ತಿದ್ದಳು. ಪೋಲಿಯೋ ಹನಿಯಿಂದ ಹಿಡಿದು ಮೀಟಿಂಗಿನವರೆಗೆ ಅವಳ ಬಾಯಲ್ಲಿ ಎಲ್ಲವೂ ಆರ್ಡರ್.

ಪಕ್ಕದ ಮನೆಯಾಕೆ ನಕ್ಕಳು. "ಯಾರದೇ ಆರ್ಡರು? ಮಂಗ ಸಹಿ ಹಾಕಿದ್ಯಾ?"

"ನಿನ್ ದನಕ್ಕೆ ಹಾಸೋಕೆ ಬೇಕಾದ್ರೆ ನನ್ ಸೀರೆ ಕೊಡ್ತೀನಿ. ದರಗಿಗೆ ಹೋಗ್ಬೇಡ ಮಾರಾಯ್ತಿ."

ನಾನು ಕಾಗದ ಓದಿ ನೋಡಿದೆ. "ಆರ್ಡರ್ ಅಂದ್ರೆ ಮೀರಿದವ್ರ ಮೇಲೆ ಕೇಸ್ ಹಾಕ್ಬಹುದು ಚಿಕ್ಕಮ್ಮ. ಇದ್ರಲ್ಲಿ ಹಂಗೇನಿಲ್ಲ. ಇದು ಬರೀ ಸಲಹೆ."

ಚಿಕ್ಕಮ್ಮ ಕಾಗದ ಕಸಿದುಕೊಂಡು, "ಓದಿದವಳು ನೀನು" ಎಂದಳು, ಅಷ್ಟೇ.

ಎರಡು ದಿನ ಕಳೆದು ಪಕ್ಕದ ಮನೆಯಾಕೆ ಬುಟ್ಟಿ ಹೊತ್ತು ಕಾಡಿಗೆ ಹೋದಳು. ಆಮೇಲೆ ಜ್ವರ, ತೀರ್ಥಹಳ್ಳಿ ಆಸ್ಪತ್ರೆ, ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆ. ಬದುಕಿ ಬಂದಳು. ಕೈ ಮಾತ್ರ ಇನ್ನೂ ನಡುಗುತ್ತದೆ. ಹಾಲು ಕರೆಯಲು ಕೂತರೆ ಬೆರಳು ಹಿಡಿತಕ್ಕೆ ಸಿಗುವುದಿಲ್ಲವಂತೆ. ಹೋದಾಗಲೆಲ್ಲ ನನಗೆ ಚಹಾ ಕೊಡುತ್ತಾಳೆ. ಲೋಟ ತಟ್ಟೆಗೆ ತಾಗಿ ಸದ್ದು ಮಾಡುತ್ತದೆ, ನಾನು ಬೇಗ ಎದ್ದುಬಿಡುತ್ತೇನೆ.

ನಿಘಂಟಿನಲ್ಲಿ 'ಆರ್ಡರ್' ಎಂಬ ಪದ ಎಷ್ಟು ಸಲ ನೋಡಿದೆನೋ. ಅಧಿಕಾರವುಳ್ಳವರು ಕೊಡುವ ಅಪ್ಪಣೆ. ಹಾಗಾದರೆ ನಾನು ಹೇಳಿದ್ದು ತಪ್ಪಲ್ಲ. ಆದರೆ ಚಿಕ್ಕಮ್ಮನಿಗೆ ಅಧಿಕಾರ ಎಲ್ಲಿತ್ತು? ಅದೇ ಕೇರಿಯ ಹೆಂಗಸು, ಬರೀ 'ಹೋಗ್ಬೇಡ' ಎಂದರೆ ಯಾರು ಕೇಳುತ್ತಿದ್ದರು? ಅದಕ್ಕೇ ಆ ಪದವನ್ನು ಮುಂದೆ ಹಿಡಿದು ನಡೆಯುತ್ತಿದ್ದಳು. ನಾನು ಅದನ್ನು ಕಿತ್ತುಕೊಂಡೆ. ಅಥವಾ ಹೀಗೆ ಅಂದುಕೊಳ್ಳುವುದೂ ನನ್ನ ಮಾತಿಗೆ ಇಲ್ಲದ ತೂಕ ಕೊಟ್ಟಂತೆಯೋ? ಆಕೆ ಹೇಗೂ ಹೋಗುತ್ತಿದ್ದಳೋ ಏನೋ.

ನಾನು ಆ ಮಾತು ಆಡುವಾಗ, ಒಮ್ಮೊಮ್ಮೆ ನೆನಪಿನಲ್ಲಿ ಆಕೆ ನನ್ನೆದುರೇ ಪೊರಕೆ ಹಿಡಿದು ನಿಂತಿರುತ್ತಾಳೆ. ಒಮ್ಮೊಮ್ಮೆ ಅಂಗಳದಲ್ಲಿ ನಾನು, ಚಿಕ್ಕಮ್ಮ ಇಬ್ಬರೇ.

ಕಳೆದ ತಿಂಗಳು ಹೊಸನಗರದ ಬಸ್ಸಿನಲ್ಲಿ ಚಿಕ್ಕಮ್ಮನ ಪಕ್ಕ ಕೂತಿದ್ದೆ. ಅವಳು ಕಿಟಕಿಯ ಕಡೆ ತಿರುಗಿದ್ದಳು. ಕೇಳಿಯೇ ಬಿಟ್ಟೆ. ಬಸ್ಸು ಹುಂಚ ದಾಟಿದರೂ ಅವಳು ಇತ್ತ ತಿರುಗಲಿಲ್ಲ.

"ಚಿಕ್ಕಮ್ಮ, ಅದು ಆರ್ಡರ್ ಅಲ್ಲ ಅಂತ ನಾನು ಅಂದಾಗ ಪಕ್ಕದ್ಮನೆ ಅಕ್ಕ ಅಲ್ಲೇ ಇದ್ರಾ, ಒಳಗೆ ಹೋಗಿದ್ರಾ?"