ಕಾಕಾ ಬರೆದ ಅಂಡಮಾನಿನ ಶೆಡ್ಯೂಲು

ಹೋದ ಸೋಮವಾರ ಬೆಳಿಗ್ಗೆ ಇಳಕಲ್ ಬಸ್ ನಿಲ್ದಾಣದಲ್ಲಿ ಹುನಗುಂದದ ಬಸ್ಸು ಹತ್ತಿ, ಕಿಟಕಿ ಪಕ್ಕ ಜಾಗ ಸಿಕ್ಕಿತೆಂದು ಖುಷಿಯಲ್ಲಿ ಕೂತಿದ್ದೆ. ಬ್ಯಾಗು ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟರಲ್ಲಿ ಕಿಟಕಿಯಿಂದ ಒಂದು ಟಾವೆಲ್ ಹಾರಿಬಂದು ನೇರ ನನ್ನ ಮುಖಕ್ಕೇ ಬಡಿಯಿತು. ಅರ್ಧ ಹಸಿ, ಅರ್ಧ ಒಣಗಿದ ಟಾವೆಲ್. ಬಟ್ಟೆ ಸಾಬೂನಿನ ವಾಸನೆ, ಅದರ ಹಿಂದೆಯೇ ಬಿಸಿಲಿನ ವಾಸನೆ. ಹೊರಗಿನಿಂದ ಒಂದು ಗಂಡು ದನಿ ಕೂಗಿತು: “ಅಕ್ಕಾರ, ಸಿಟ್ಟಾಗಬ್ಯಾಡ್ರಿ! ಅದನ್ನ ನಿಮ್ಮ ಬಾಜೂಕ ಹಾಕಿಬಿಡ್ರಿ, ಬರಾಕತ್ತೇವಿ!”

ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯುವ ಕ್ರಮವೇ ಇದು. ಬಾಗಿಲಲ್ಲಿ ನೂಕಾಟ ನಡೆದಿರುವಾಗ ಕಿಟಕಿಯಿಂದ ಟಾವೆಲ್ಲೋ, ಕೈಚೀಲವೋ, ಏನೂ ಇಲ್ಲದಿದ್ದರೆ ತಲೆಯ ಮೇಲಿನ ಟೋಪಿಯೋ ಒಳಗೆ ಬೀಳುತ್ತದೆ. ಬಿದ್ದ ಜಾಗ ಅವರದು. ಯಾವ ಕಾಯ್ದೆಯಲ್ಲೂ ಇದು ಬರೆದಿಲ್ಲ, ಆದರೂ ಇನ್ನೊಬ್ಬರ ಟಾವೆಲ್ ಎತ್ತಿಟ್ಟು ಕೂರುವಷ್ಟು ಧೈರ್ಯ ಯಾರಿಗೂ ಇರುವುದಿಲ್ಲ. ನಾನು ಮುಖ ಒರೆಸಿಕೊಂಡು, “ಟಾವೆಲ್‌ಗೆ ಟಿಕೆಟ್ ಐತೇನ್ರಿ?” ಎಂದು ಕೇಳಬೇಕೆಂದು ಬಾಯಿ ತೆರೆದೆ. ಮಾತು ಅಲ್ಲೇ ನಿಂತಿತು. ಅದು ನನ್ನ ಮಾತಾಗಿರಲಿಲ್ಲ. ಅದು ನಮ್ಮ ಪಕ್ಕದ ಮನೆಯ ಡ್ರೈವರ್ ಕಾಕಾನ ಮಾತು...

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಕಾಕಾ ಸರಕಾರಿ ಬಸ್ಸಿನ ಡ್ರೈವರಾಗಿದ್ದರು. ಇಳಕಲ್‌ನಿಂದ ಹುನಗುಂದ, ಅಮೀನಗಡ, ಕಮತಗಿ ದಾಟಿ ಬಾಗಲಕೋಟೆ, ಮತ್ತೆ ವಾಪಸು. ನಡುವೆ ಕೆಲವು ವರ್ಷ ಬಾದಾಮಿಯ ಬಸ್ಸು ಓಡಿಸಿದ್ದು ಬಿಟ್ಟರೆ ಮೂವತ್ತೊಂದು ವರ್ಷ ಅದೇ ದಾರಿ. ಕಿಟಕಿಯಿಂದ ಟಾವೆಲ್ ಬೀಳುವುದನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಸ್ಟೇರಿಂಗ್ ಹಿಡಿದು ಕೂತಲ್ಲೇ ಹಿಂದೆ ತಿರುಗಿ, “ಟಾವೆಲ್‌ಗೆ ಟಿಕೆಟ್ ಐತೇನ್ರಿ? ನಿಂತಿರೋ ಮುದುಕಿ ಕುಂದರ್ಲಿ, ತಗೀರಿ ಅದನ್ನ!” ಎಂದು ಗುಡುಗುತ್ತಿದ್ದರು. ನಾನು ಕಾಲೇಜಿಗೆ ಹೋಗುವಾಗ ನನ್ನ ದುಪ್ಪಟ್ಟಾಕ್ಕೂ ಒಮ್ಮೆ ಈ ಮರ್ಯಾದೆ ಆಗಿದೆ. ಪಕ್ಕದ ಮನೆಯ ಹುಡುಗಿ ಎಂಬ ರಿಯಾಯಿತಿಯೇನೂ ಇರಲಿಲ್ಲ.

ಕಾಕಾ ನಿವೃತ್ತರಾದ ಎರಡನೇ ದಿನವೇ ನನ್ನ ಅಂಗಡಿಗೆ ಬಂದರು. ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಹೊಲದ ಉತಾರ ತೆಗೆದುಕೊಡುವುದು, ಅರ್ಜಿ ತುಂಬುವುದು, ಟಿಕೆಟ್ ಬುಕ್ ಮಾಡುವುದು. ಖಾಕಿ ಇಲ್ಲದ ಕಾಕಾನನ್ನು ನೋಡಿ ಒಂದು ಕ್ಷಣ ಗುರುತೇ ಸಿಗಲಿಲ್ಲ. ಕಂಕುಳಲ್ಲಿ ಗೆರೆ ಹಾಕಿದ ಒಂದು ನೋಟ್‌ಬುಕ್ ಇತ್ತು.

“ತಂಗೀ, ನಾಕೂ ಕಡೆ ನೀರ ಇರೋ ಊರಿಗೆ ಹೋಗಬೇಕಾಗೇತಿ. ಕಾಕೂನೂ ಬರ್ತಾಳ. ಎಂಟ ದಿನ.”

“ಯಾಕ ಕಾಕಾ, ಒಮ್ಮಿಲೇ ಅಷ್ಟ ನೀರು?” ಎಂದೆ.

“ಮೂವತ್ತೊಂದ ವರ್ಷ ಯಾವ ಊರಿಗೆ ಗಾಡಿ ನಿಲ್ಲಿಸಿದ್ರೂ ಯಾವನರೆ ಒಬ್ಬ ಬಂದು, ‘ಮುಂದ ಹೋಗತೈತೇನ್ರಿ?’ ಅಂತ ಕೇಳ್ಯಾನ. ಯಾರೂ ಹಂಗ ಕೇಳದಂಥ ಊರ ಒಂದ ನೋಡಬೇಕು.”

ನಾನು ನಕ್ಕೆ. ಅವರೂ ನಕ್ಕರು. ಆದರೆ ಖರೆ ಕಾರಣ ಅದಲ್ಲ ಎಂಬುದು ಆಮೇಲೆ ತಿಳಿಯಿತು. ಅಂಡಮಾನಿನಲ್ಲಿ ಒಂದು ಕಡೆ ರಸ್ತೆ ಹೋಗಿ ನೀರಿಗೆ ಮುಟ್ಟುತ್ತದೆ, ಅಲ್ಲಿ ಜನರನ್ನು ತುಂಬಿಕೊಂಡ ಬಸ್ಸೇ ದೊಡ್ಡ ದೋಣಿ ಏರಿ ಆಚೆ ದಡಕ್ಕೆ ಹೋಗುತ್ತದೆ ಎಂದು ಅವರ ಕಂಡಕ್ಟರ್ ಗೆಳೆಯರೊಬ್ಬರು ಫೋನಿನಲ್ಲಿ ವಿಡಿಯೋ ತೋರಿಸಿದ್ದರಂತೆ. ಅದನ್ನು ನೋಡಿದ ದಿನದಿಂದ ಕಾಕಾನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಆ ನೋಟ್‌ಬುಕ್ಕಿನಲ್ಲಿ ಅವರು ಪ್ರವಾಸವನ್ನು ಡ್ಯೂಟಿ ಶೆಡ್ಯೂಲಿನಂತೆ ಬರೆದಿದ್ದರು. ಬಿಡುವ ವೇಳೆ, ಮುಟ್ಟುವ ವೇಳೆ, ನಡುವೆ ಚಹಾಕ್ಕೆ ಹತ್ತು ನಿಮಿಷ. ಒಂದು ದಿನದಂತೆ ಇನ್ನೊಂದು ದಿನ ಇರಕೂಡದು ಎಂಬುದು ಅವರ ಹಟ. ಅದೇ ದಾರಿ, ಅದೇ ತಿರುವು, ಅದೇ ಗ್ರಾನೈಟ್ ಲಾರಿಗಳ ಹಿಂದೆ ಜೀವ ಸವೆಸಿದ ಮನುಷ್ಯನ ಹಟ. ಮೊದಲ ದಿನ ಬರೀ ದಂಡೆ, ಮರಳಿನಲ್ಲಿ ಬರಿಗಾಲ ನಡಿಗೆ. ಆಮೇಲೆ ತಳಕ್ಕೆ ಗಾಜು ಹಾಕಿದ ದೋಣಿ, ಮೀನು ನೋಡುವುದು. ತಿನ್ನುವುದಲ್ಲ ಎಂದು ಪಕ್ಕದಲ್ಲೇ ಬರೆದಿದ್ದರು. ಒಂದು ದಿನ ಹಳೆಯ ಜೈಲು. ಒಂದು ದಿನ ಕಾಡು ಮತ್ತು ಸುಣ್ಣಕಲ್ಲಿನ ಗವಿ. “ಬಾದಾಮ್ಯಾಗ ಗವಿ ನೋಡೇವಲ್ಲ ಕಾಕಾ,” ಎಂದರೆ, “ಅವು ಮನಷ್ಯಾ ಕೊರದದ್ದು, ಇವು ನೀರ ಕೊರದದ್ದು. ಬ್ಯಾರೆ ಆತಲ್ಲ?” ಎಂದು ನನ್ನನ್ನೇ ದಬಾಯಿಸಿದರು. ಐದನೆಯ ದಿನದ ಮುಂದೆ ಮಾತ್ರ ದಪ್ಪಗೆ ತಿದ್ದಿ ತಿದ್ದಿ ಬರೆದಿತ್ತು: ಬಸ್ಸು, ದೋಣಿ.

ಕಾಕಾನ ಹೆಂಡತಿ ಕಾಕೂಗೆ ಈ ಹುಚ್ಚು ಹಿಡಿದಿರಲಿಲ್ಲ. ಆಕೆ ದಿನವಿಡೀ ರಾಟಿಯ ಮುಂದೆ ಕೂತು ಸೀರೆ ನೇಯುವವರಿಗೆ ನೂಲು ಸುತ್ತಿಕೊಡುವ ಹೆಂಗಸು. ತೆಳ್ಳಗೆ, ಮಾತು ಕಡಿಮೆ, ಆಡಿದರೆ ಗುರಿ ತಪ್ಪುತ್ತಿರಲಿಲ್ಲ. “ಕೂಡಲ ಸಂಗಮದಾಗ ಮೂರ ಕಡೆ ನೀರ ಐತಿ. ಉಳದ ಒಂದ ಕಡೆ ನೀರಿನ ಸಲುವಾಗಿ ಅಷ್ಟ ದೂರ ಹೋಗಬೇಕಾ?” ಎಂದಳು. ಕಾಕಾ ನೋಟ್‌ಬುಕ್ ಮಡಚಿಟ್ಟರು. ಆದರೆ ನಾಲ್ಕು ದಿನ ಕಳೆದ ಮೇಲೆ ಆಕೆಯೇ ನನ್ನನ್ನು ಗೋಡೆಯಾಚೆಯಿಂದ ಕರೆದು, ಆರನೆಯ ದಿನ ಬಟ್ಟೆ ತೊಳೆಯುವುದಕ್ಕೆ ಇಡಬೇಕೆಂದು ಬರೆಸಿದಳು. ಎಂಟು ದಿನ ತೊಳೆಯದ ಬಟ್ಟೆ ಹೊತ್ತುಕೊಂಡು ಆಕೆ ಯಾವ ಊರಲ್ಲೂ ತಿರುಗುವವಳಲ್ಲ. ಅಲ್ಲಿಗೆ ಅರ್ಧ ಒಪ್ಪಿದಂತಾಯಿತು. ಮುಂದಿನ ವಾರ ಪೇಟೆಯಿಂದ ಎರಡು ಹೊಸ ಟಾವೆಲ್ ತಂದಳು, ಸಮುದ್ರಕ್ಕೆಂದು. ಅವರದು ನೀಲಿ, ತನ್ನದು ಹಳದಿ. ಆಮೇಲೆ ತಿಂಗಳುಗಟ್ಟಲೆ ಕೆಡದ ಕಟಕ ರೊಟ್ಟಿ ಬಡಿದು ಬಡಿದು ಬಟ್ಟೆಯಲ್ಲಿ ಕಟ್ಟಿಡತೊಡಗಿದಳು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳ ಡಬ್ಬಿಗಳೂ ತುಂಬಿದವು. ಆ ರೊಟ್ಟಿಗಳಲ್ಲಿ ದ್ವೀಪದ ಅರ್ಧ ಜನರನ್ನು ಸಾಕಬಹುದಿತ್ತು.

ತಪ್ಪು ಮಾಡಿದವಳು ನಾನು. ಅಂಗಡಿಯಲ್ಲಿ ಗದ್ದಲವಿತ್ತು, ಅವಸರದಲ್ಲಿ ವಿಮಾನದ ಟಿಕೆಟ್ ತೆಗೆದೆ, ಸೀಟು ಆರಿಸಲಿಲ್ಲ. ಕಾಗದ ಹೊರಗೆ ಬಂದಾಗ ಕಾಕಾಗೆ ಮುಂದಿನ ಸಾಲು, ಕಾಕೂಗೆ ಎಷ್ಟೋ ಹಿಂದಿನ ಸಾಲು. “ಎರಡ ತಾಸಿನ ಮಾತು ಕಾಕಾ, ಇಳದ ಮ್ಯಾಲೆ ಕೂಡೇ ಇರ್ತೀರಲ್ಲ,” ಎಂದು ತೇಲಿಸಿಬಿಟ್ಟೆ.

ಕಾಕಾ ಕಾಗದ ನೋಡಿದರು. ಮಡಚಿದರು. ಮತ್ತೆ ಬಿಚ್ಚಿದರು.

“ಮೂವತ್ತೊಂದ ವರ್ಷ ಅಕಿ ಹಿಂದ, ನಾ ಮುಂದ,” ಎಂದರು. “ತವರಮನಿಗೆ ಹೋದ್ರೂ ನನ್ನ ಗಾಡಿ, ದವಾಖಾನಿಗೆ ಹೋದ್ರೂ ನನ್ನ ಗಾಡಿ. ಕನ್ನಡ್ಯಾಗ ಅಕಿ ಮಾರಿ ನೋಡಕೋಂತ ಹೋಗೇನಿ. ಅಕೀನ ಕೇಳು, ಏನ ನೋಡಕೋಂತ ಹೋಗ್ಯಾಳಂತ.”

ಸಂಜೆ ನಾನು ಖರೇನೇ ಕೇಳಿದೆ. ಕಾಕೂ ರಾಟಿ ನಿಲ್ಲಿಸದೆಯೇ, “ಇವರ ಕುತಗಿ,” ಎಂದಳು. ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾದರೂ ಇಬ್ಬರೂ ಒಂದು ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಎಲ್ಲಿಗೂ ಹೋಗಿರಲಿಲ್ಲ. ರಜೆಯ ದಿನ ಕಾಕಾ ಬಸ್ಸು ಕಂಡರೆ ದೂರ ಓಡುತ್ತಿದ್ದರು, ಹೀಗಾಗಿ ಎಲ್ಲಿಗೂ ಹೋಗುತ್ತಿರಲಿಲ್ಲ. ದ್ವೀಪ, ಗವಿ, ಮೀನು ಎಲ್ಲ ನೆಪ. ಆ ಮನುಷ್ಯನಿಗೆ ಬೇಕಾಗಿದ್ದುದು ಇನ್ನೊಬ್ಬ ಡ್ರೈವರ್ ಓಡಿಸುವ ಬಸ್ಸಿನಲ್ಲಿ ಹೆಂಡತಿಯ ಪಕ್ಕದ ಸೀಟು. ಮರುದಿನ ಅಂಗಡಿ ತೆರೆದವಳೇ ಮೊದಲು ಅವರಿಬ್ಬರ ಸೀಟು ಬದಲಿಸಿದೆ. ಕಾಕೂಗೆ ಕಿಟಕಿ, ಕಾಕಾಗೆ ಅದರ ಬಾಜೂ.

ಹೊರಡುವುದಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ಕಾಕೂಗೆ ಜ್ವರ ಬಂತು. ಸಣ್ಣ ಜ್ವರ ಎಂದೇ ಎಲ್ಲರೂ ತಿಳಿದೆವು. ಬಾಗಲಕೋಟೆಯ ದವಾಖಾನೆಗೆ ಒಯ್ಯುವಾಗ ಕಾರಿನಲ್ಲಿ ಆಕೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು, ಜಾಗವಿಲ್ಲದೆ ಕಾಕಾ ಮುಂದೆ ಕೂತರು. ಅಮೀನಗಡ ದಾಟುವವರೆಗೂ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದರು ಎಂದು ಜೊತೆಗೆ ಹೋಗಿದ್ದ ನನ್ನ ತಮ್ಮ ಹೇಳಿದ. ಐದು ದಿನ... ಅಷ್ಟೇ. ಆರನೆಯ ದಿನ ಆಕೆಯ ದೇಹವನ್ನು ಮನೆಗೆ ತಂದರು. ಗೋಡೆಯಾಚೆ ರಾಟಿಯ ಸದ್ದು ನಿಂತಿತು. ಅದುವರೆಗೆ ಆ ಸದ್ದು ನನಗೆ ಕೇಳಿಸುತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ.

ದಿನ ಕಾರ್ಯವೆಲ್ಲ ಮುಗಿದ ಮೇಲೆ ನಾನೇ ಅವರ ಮನೆಗೆ ಹೋಗಿ, ಟಿಕೆಟ್ ರದ್ದು ಮಾಡುತ್ತೇನೆ, ನೀವೇನೂ ಚಿಂತೆ ಮಾಡಬೇಡಿ ಎಂದೆ. ಕಾಕಾ ತಲೆ ಎತ್ತಲಿಲ್ಲ.

“ಬ್ಯಾಡ. ಹೋಗ್ತೇನಿ.”

“ಹಂಗಾರ ಕಾಕೂದು ಒಂದ ರದ್ದ ಮಾಡತೇನಿ.”

“ಎರಡೂ ಇರಲಿ,” ಎಂದರು.

ಆ ದಿನ ನಾನು ವಾದ ಮಾಡಿದೆ. ಬಾರದವರ ಹೆಸರಿನಲ್ಲಿ ಸೀಟು ಇಟ್ಟುಕೊಂಡು ಏನು ಮಾಡುತ್ತೀರಿ, ನೋಡಿದಷ್ಟೂ ಸಂಕಟವಲ್ಲವೇ ಎಂದೆ. ದುಃಖದಲ್ಲಿರುವವರಿಗೆ ಬುದ್ಧಿ ಹೇಳುವ ಚಟ ನನಗೆ ಮೊದಲಿನಿಂದಲೂ ಇದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಕಾಕಾ ಎದ್ದುಹೋಗಿ, ಹಗ್ಗದ ಮೇಲಿದ್ದ ಬಟ್ಟೆ ತೆಗೆದು ಮಡಚತೊಡಗಿದರು.

ಹೋದರು. ಒಂಟಿಯಾಗಿಯೇ ಹೋದರು. ಎಂಟು ದಿನ ಫೋನು ಬರಲಿಲ್ಲ, ನಾವು ಹೆದರಿದೆವು. ಒಂಬತ್ತನೆಯ ದಿನ ಬಿಸಿಲಿಗೆ ಮುಖ ಕಪ್ಪಗೆ ಸುಟ್ಟುಕೊಂಡು ನನ್ನ ಅಂಗಡಿಗೆ ಬಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೀರು ಕೇಳಿ ಕುಡಿದರು. ಶೆಡ್ಯೂಲು ತಪ್ಪಿಸಿರಲಿಲ್ಲ. ದಂಡೆ, ಗಾಜಿನ ದೋಣಿ, ಜೈಲು, ಗವಿ ಎಲ್ಲ ನೋಡಿದ್ದರು. ರೊಟ್ಟಿ ತಿಂದಿದ್ದರು, ಹೋಟೆಲ್ಲಿನ ಹುಡುಗರಿಗೂ ತಿನ್ನಿಸಿದ್ದರು. ಐದನೆಯ ದಿನದ ಮಾತು ಬಂದಾಗ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು.

ಆ ದ್ವೀಪದ ಬಸ್ಸಿನಲ್ಲಿ ಅವರು ಎರಡು ಟಿಕೆಟ್ ತೆಗೆಸಿದ್ದರು. ಕಿಟಕಿ ಪಕ್ಕದ ಸೀಟಿನ ಮೇಲೆ ಕಾಕೂನ ಹಳದಿ ಟಾವೆಲ್ ಹಾಸಿ, ತಾವು ಈಚೆ ಕೂತಿದ್ದರು. ಬಸ್ಸು ತುಂಬಿತು. ಒಬ್ಬ ಹುಡುಗ ಬಂದು ಆ ಟಾವೆಲ್ಲಿಗೆ ಕೈ ಹಾಕಿದ.

“ನನಗ ಅವನ ಭಾಷಾ ಬರೂದಿಲ್ಲ, ಅವಗ ನನ್ನ ಭಾಷಾ ಬರೂದಿಲ್ಲ,” ಎಂದರು ಕಾಕಾ. “ಕಿಸೆದಾಗಿಂದ ಎರಡೂ ಚೀಟಿ ತಗದ ತೋರಿಸಿದೆ. ಈ ಟಾವೆಲ್‌ಗೆ ಟಿಕೆಟ್ ಐತಪಾ ಅಂದೆ. ಅಂವ ನನ್ನ ಮಾರಿ ನೋಡಿದ. ನಿಂತಽ ಹೋದ ಪಾಪ, ಕಡೀತನಕ.”

ಆಮೇಲೆ ಬಸ್ಸು ದೋಣಿ ಏರಿತಂತೆ. ಡ್ರೈವರ್ ಇಂಜಿನ್ ಬಂದ್ ಮಾಡಿದನಂತೆ. “ಗಾಡಿ ನಿಂತಿತ್ತು ತಂಗೀ, ಆದ್ರ ಹೊಂಟಿತ್ತು. ನನ್ನ ಬಲಗಾಲು ಬ್ರೇಕ್ ಹುಡಕಲಿಲ್ಲ ನೋಡು, ಸುಮ್ಮನ ಇತ್ತು.” ನನ್ನ ಸ್ಕೂಟಿಯ ಹಿಂದೆ ಕೂತರೂ ಬಲಗಾಲು ಒತ್ತುತ್ತಿದ್ದ ಮನುಷ್ಯ ಅವರು.

ಎದ್ದು ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು: “ಆರನೇ ದಿನ ಅರಿಬಿ ಒಗದೆ. ಎರಡೂ ಟಾವೆಲ್ ಒಗದ ಹಾಕಿದೆ. ಅಕೀದು ಹೊಲಸ ಆಗಿದ್ದಿಲ್ಲ. ಆದ್ರೂ ಒಗದೆ.” ಅವರು ಓಣಿಯ ತಿರುವು ದಾಟುವವರೆಗೂ ತಡೆದುಕೊಂಡೆ. ಆಮೇಲೆ ಅಂಗಡಿಯ ಶಟರ್ ಅರ್ಧ ಎಳೆದು ಅತ್ತೆ.

ಕಾಕಾ ತೀರಿಹೋಗಿಯೂ ಈಗ ಎರಡು ವರ್ಷವಾಗುತ್ತ ಬಂತು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಒಳ್ಳೆಯ ಜನ. ನೋಟ್‌ಬುಕ್ ಎಲ್ಲಿ ಹೋಯಿತೋ... ಕೇಳಬೇಕೆಂದುಕೊಂಡು ಕೇಳಲೇ ಇಲ್ಲ.

ಹೋದ ಸೋಮವಾರ ಆ ಟಾವೆಲ್ಲನ್ನು ಪಕ್ಕದ ಸೀಟಿನ ಮೇಲೆ ನೀಟಾಗಿ ಹಾಸಿ ಕಾದು ಕೂತೆ. ನೂಕಾಟ ದಾಟಿ ಅದರ ಒಡೆಯ ಒಳಗೆ ಬಂದ. ಐವತ್ತರ ಆಸುಪಾಸಿನ ಗಂಡಸು, ಹಿಂದೆ ಕೈಚೀಲ ಹಿಡಿದ ಹೆಂಡತಿ. ಹಿಡಿದದ್ದು ಒಂದೇ ಸೀಟು. ಹೆಂಡತಿಯನ್ನು ನನ್ನ ಪಕ್ಕ ಕೂರಿಸಿ, ತಾನು ಮೇಲಿನ ಕಂಬಿ ಹಿಡಿದು ನಿಂತುಕೊಂಡ. ನಾನು ಎದ್ದೆ.

“ಇಬ್ಬರೂ ಕುಂದರ್ರಿ,” ಎಂದೆ.

“ಅಯ್ಯ, ಬ್ಯಾಡ್ರಿ ಅಕ್ಕಾರ. ಹುನಗುಂದ ಇಲ್ಲೇ ಬಂತು, ಎಷ್ಟ ದೂರ?”

“ಅಷ್ಟ ದೂರಾನರೆ ಬಾಜೂಕ ಕುಂತ ಹೋಗ್ರಿ,” ಎಂದೆ. ನನ್ನ ದನಿ ಯಾಕೋ ಜೋರಾಗಿಯೇ ಬಂತು. ಆತ ಕೂತ. ಆಕೆ ಕಿಟಕಿಗೆ ಸರಿದು, ಟಾವೆಲ್ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು.

ಬಸ್ಸು ಹೊರಟಿತು. ನಾನು ಮುಂದೆ ಹೋಗಿ ಡ್ರೈವರ್ ಸೀಟಿನ ಹಿಂದಿನ ಕಂಬಿಗೆ ಆತು ನಿಂತೆ. ಮೇಲಿನ ಕನ್ನಡಿಯಲ್ಲಿ ಆ ಇಬ್ಬರ ಮುಖ ಒಂದೇ ಚೌಕಟ್ಟಿನಲ್ಲಿ ಕಾಣುತ್ತಿತ್ತು. ಹುನಗುಂದ ಬರುವವರೆಗೂ ನಿಂತೇ ಹೋದೆ.